ಯಾರಿಗೂ ಬೇಡದ ವಾರ್ಡಿನಲ್ಲಿ ಕಲಿತದ್ದು

ಕಾಶಿಬೆಟ್ಟಿನ ಕಡೆಯ ಇಬ್ಬರು ಹುಡುಗರು, ಹೊರಗೆ ಓದಿದವರು ಬ್ರಿಟನ್ನಿನಲ್ಲಿ ವೈದ್ಯರಾಗಲು ಬರೆಯುವ ಪ್ಲಾಬ್ ಪರೀಕ್ಷೆಗೆ ಓದುತ್ತಿದ್ದಾರೆ. ಆಗಾಗ ಲಾಯಿಲದ ನಮ್ಮ ಮನೆಗೆ ಬಂದು “ಡಾಕ್ಟ್ರೇ, ಅಲ್ಲಿ ಹೇಗೆ?” ಎಂದು ಕೇಳುತ್ತಾರೆ. ನಾನು ಕೆಎಂಸಿಯಲ್ಲಿ ಓದಿದವನು. ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡಿ ಕಲಿತು, 1972ರಲ್ಲಿ ಬ್ರಿಟನ್ನಿಗೆ ಹೋಗಿ, ನಿವೃತ್ತಿಯ ತನಕ ಅಲ್ಲೇ ದುಡಿದೆ. ಅವರಿಗೆ ಬಿಡಿಬಿಡಿಯಾಗಿ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

1. ನಮ್ಮನ್ನು ಯಾಕೆ ಕರೆಯುತ್ತಾರೆಂದು ತಿಳಿದುಕೊಂಡು ಹೋಗಿ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1948ರ ಜುಲೈ 5ರಂದು, ಬ್ರಿಟನ್ನಿನ ಸರಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಶುರುವಾಯಿತು. ಚಿಕಿತ್ಸೆಗೆ ಯಾರೂ ದುಡ್ಡು ಕೊಡಬೇಕಿಲ್ಲ ಎಂದಾಗ ರೋಗಿಗಳು ಬಂದರು, ವೈದ್ಯರು ಸಾಲಲಿಲ್ಲ. ಬ್ರಿಟನ್ನಿನದೇ ಯುವ ವೈದ್ಯರು ಕೆನಡಾ, ಆಸ್ಟ್ರೇಲಿಯಾ ಎಂದು ಹೊರಟಿದ್ದರು. 1962ರಲ್ಲಿ ವಲಸೆಗೆ ಕಡಿವಾಣ ಹಾಕುವ ಕಾಯ್ದೆ ಬಂದಾಗಲೂ ವೈದ್ಯರಿಗೆ ಬಂದು ದುಡಿಯಲು ವೋಚರ್ ಸಿಗುತ್ತಿತ್ತು. 1971ರ ಹೊತ್ತಿಗೆ ಇಂಗ್ಲೆಂಡಿನ ಎನ್‌ಎಚ್‌ಎಸ್ ವೈದ್ಯರಲ್ಲಿ ಶೇ. 31ರಷ್ಟು ಮಂದಿ ಹೊರದೇಶದಲ್ಲಿ ಹುಟ್ಟಿ, ಹೊರಗೇ ಓದಿ ಬಂದವರು. ನನಗಿಂತ ಮೊದಲು ಹೋದವರಿಗೆ ಊರಿನಿಂದ 3 ಪೌಂಡಿಗಿಂತ ಹೆಚ್ಚು ಒಯ್ಯಲು ಸರಕಾರದ ಅನುಮತಿ ಇರಲಿಲ್ಲ. ಮರುದಿನವೇ ಕೆಲಸಕ್ಕೆ ನಿಲ್ಲುವುದು ಅವರಿಗೆ ಅನಿವಾರ್ಯ. ಬ್ರಿಟನ್ನಿಗೆ ಆಳು ಬೇಕಿತ್ತು, ನಮಗೆ ಕೆಲಸ ಬೇಕಿತ್ತು. ಇದು ಉಪಕಾರವೇನೂ ಅಲ್ಲ ಎಂಬುದು ತಲೆಯಲ್ಲಿದ್ದರೆ ಯಾರ ಮುಂದೆಯೂ ಬಗ್ಗಿ ನಿಲ್ಲಬೇಕಾಗುವುದಿಲ್ಲ.

2. ಬೇರೆಯವರು ಬಿಟ್ಟ ಕೆಲಸ ಕೆಟ್ಟ ಕೆಲಸವೆಂದು ತಿಳಿಯಬೇಡಿ.

ನನಗೆ ಸರ್ಜನ್ ಆಗುವ ಆಸೆ. ಒಂದು ಸಂದರ್ಶನದಲ್ಲಿ ನನ್ನ ಅರ್ಜಿಯ ಮೊದಲ ಪುಟ ಮಗುಚುವ ಮೊದಲೇ “ವೃದ್ಧರ ವಿಭಾಗಕ್ಕೆ ಯಾಕೆ ಹೋಗಬಾರದು?” ಎಂದು ಕೇಳಿದರು. ಮರ್ಯಾದೆಯಿಂದಲೇ ಕೇಳಿದರು. ಜೆರಿಯಾಟ್ರಿಕ್ಸ್, ಮಾನಸಿಕ ಆಸ್ಪತ್ರೆ, ಇವು ನಮ್ಮವರಿಗೆ ಎಂದು ಯಾರೂ ಬರೆದಿಟ್ಟಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಅದು ಅನ್ಯಾಯವೇ, ಈಗಲೂ ಹಾಗೇ ಹೇಳುತ್ತೇನೆ.

ನಾನು ಸೇರಿದ ವಾರ್ಡು ಹಿಂದೆ ದಿಕ್ಕಿಲ್ಲದವರನ್ನು ಇಡುತ್ತಿದ್ದ ಕಟ್ಟಡದಲ್ಲಿತ್ತು. ಎರಡು ಸಾಲು ಮಂಚ. ಒಬ್ಬ ಅಜ್ಜಿಯ ಕೇಸ್‌ಶೀಟಿನಲ್ಲಿ “ನಡೆಯಲಾರರು” ಎಂದಷ್ಟೇ ಇತ್ತು, ಕಾರಣ ಬರೆದಿರಲಿಲ್ಲ. ಹೊದಿಕೆ ಸರಿಸಿ ಪಾದ ನೋಡಿದರೆ, ಕಾಲಿನ ಉಗುರುಗಳು ಬೆಳೆದು ಬಾಗಿ ಬೆರಳಿನ ಮಾಂಸಕ್ಕೆ ಚುಚ್ಚಿದ್ದವು. ಚಪ್ಪಲಿ ಹಾಕಲು ಸಾಧ್ಯವೇ ಇರಲಿಲ್ಲ. ಕಾಲಿನ ಆರೈಕೆಯವರನ್ನು ಕರೆಸಿ ಉಗುರು ಕತ್ತರಿಸಿದೆವು, ಗಾಯ ಮಾಗಿತು, ಫಿಸಿಯೋಥೆರಪಿಯವರು ದಿನಾ ಎಬ್ಬಿಸಿ ನಿಲ್ಲಿಸಿದರು. ಅಜ್ಜಿ ವಾಕರ್ ಹಿಡಿದು ತಾವೇ ಬಚ್ಚಲಿಗೆ ಹೋದರು. ಮಾರ್ಜರಿ ವಾರೆನ್ ಎಂಬ ವೈದ್ಯೆ 1935ರಿಂದಲೇ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ ಮಾಡಿ ತೋರಿಸಿದ್ದೂ ಇದನ್ನೇ: ಮಲಗಿಸಿಟ್ಟವರನ್ನು ಒಬ್ಬೊಬ್ಬರನ್ನಾಗಿ ಪರೀಕ್ಷಿಸಿ ಎಬ್ಬಿಸುವುದು. ಮತ್ತೆ ಸರ್ಜರಿಗೆ ಅರ್ಜಿ ಹಾಕಲು ನನಗೆ ಮನಸ್ಸಾಗಲಿಲ್ಲ.

3. ನಿಮ್ಮ ಪರವಾಗಿ ಪತ್ರ ಬರೆಯುವವರನ್ನು ಸಂಪಾದಿಸಿ.

ಆಗ ಬ್ರಿಟಿಷ್ ಮೆಡಿಕಲ್ ಜರ್ನಲ್‌ನ ಹಿಂದಿನ ಪುಟಗಳಲ್ಲಿ ಕೆಲಸದ ಜಾಹೀರಾತು. ಆರು ತಿಂಗಳಿಗೊಂದು ಹುದ್ದೆ, ಆರು ತಿಂಗಳಿಗೊಮ್ಮೆ ಗಂಟುಮೂಟೆ. ನಮ್ಮವರು ಬಹಳ ಮಂದಿ ಕನ್ಸಲ್ಟೆಂಟಿಗಿಂತ ಕೆಳಗಿನ ರಿಜಿಸ್ಟ್ರಾರ್ ಮಟ್ಟದಲ್ಲೇ ನಿಂತುಬಿಟ್ಟರು. ಕೈಚಳಕ ಕಡಿಮೆಯಾಗಿ ಅಲ್ಲ, ಎರಡು ಒಳ್ಳೆಯ ಮಾತು ಬರೆದುಕೊಡುವ ಕನ್ಸಲ್ಟೆಂಟ್ ಇಲ್ಲದೆ. 1983ರಲ್ಲಿ ಬ್ರಿಟನ್ನಿನ ಕನ್ನಡಿಗರ ಸಂಘ ಕನ್ನಡ ಬಳಗ ಹುಟ್ಟಿದಾಗ ಅಲ್ಲಿ ಸೇರುತ್ತಿದ್ದವರಲ್ಲಿ ಡಾಕ್ಟರುಗಳೇ ಹೆಚ್ಚು. ಯುಗಾದಿ ಊಟದ ಸಾಲಿನಲ್ಲಿ ಎಲ್ಲಿ ಯಾವ ಪೋಸ್ಟ್ ಖಾಲಿ ಎಂಬ ಸುದ್ದಿಯೂ ಬಡಿಸುವವರ ಜೊತೆಗೇ ಬರುತ್ತಿತ್ತು.

4. ರೋಗಿಯ ಮಾತಿಗಿಂತ ಅವರ ಮೈ ನೋಡಿ.

ಆಮೇಲೆ ಆಸ್ಪತ್ರೆ ಬಿಟ್ಟು ಜಿಪಿಯಾಗಿ, ಅಂದರೆ ಊರಿನ ಕುಟುಂಬ ವೈದ್ಯನಾಗಿ, ಸೌತ್ ವೇಲ್ಸಿನ ಒಂದು ಕಣಿವೆಗೆ ಹೋದೆ. ಕಲ್ಲಿದ್ದಲಿನ ಊರು. ಅಲ್ಲಿಗೆ ಬರಲು ಬ್ರಿಟಿಷ್ ವೈದ್ಯರ ಪೈಕಿ ಹೆಚ್ಚಿನವರಿಗೆ ಮನಸ್ಸಿರಲಿಲ್ಲ. ಸುತ್ತಿನ ಕಣಿವೆಗಳ ಕ್ಲಿನಿಕ್ಕುಗಳಲ್ಲೂ ಭಾರತದಿಂದ ಬಂದವರೇ ಸಾಕಷ್ಟು ಮಂದಿ. ಅಂಥದೇ ಕಣಿವೆಯೊಂದರ ಡಾಕ್ಟರ್ ಜೂಲಿಯನ್ ಟ್ಯೂಡರ್ ಹಾರ್ಟ್, ಚಿಕಿತ್ಸೆ ಎಲ್ಲಿ ಹೆಚ್ಚು ಬೇಕೋ ಅಲ್ಲೇ ಕಡಿಮೆ ಸಿಗುತ್ತದೆ ಎಂದು 1971ರಲ್ಲೇ ಲ್ಯಾನ್ಸೆಟ್‌ನಲ್ಲಿ ಬರೆದಿದ್ದರು.

ಗಣಿಯವರ ಕೈಯಲ್ಲಿ ನೀಲಿ ಗೆರೆಗಳಿರುತ್ತವೆ. ಗಾಯದೊಳಗೆ ಕಲ್ಲಿದ್ದಲಿನ ಹುಡಿ ಸೇರಿ ಹಾಗೇ ಮಾಗಿದ್ದು. ಎದೆಯೊಳಗೂ ಅದೇ ಹುಡಿ. ಕೇಳಿದರೆ “ಸ್ವಲ್ಪ ಕೆಮ್ಮು, ಅಷ್ಟೇ” ಎನ್ನುತ್ತಿದ್ದರು. ಮೆಟ್ಟಿಲು ಹತ್ತುವಾಗ ಎಲ್ಲಿ ನಿಲ್ಲುತ್ತಾರೆ ಎಂದು ಹೆಂಡತಿಯನ್ನು ಕೇಳಬೇಕು. ಹಿರಿಯರು ತಮ್ಮೊಳಗೆ ವೆಲ್ಷ್ ಮಾತಾಡಿ, ನನ್ನ ಕಡೆ ತಿರುಗಿದಾಗ ಇಂಗ್ಲಿಷ್. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಎಂದು ಬೆಳೆದ ನನಗೆ ಅದರಲ್ಲಿ ಹೊಸದೇನೂ ಕಾಣಲಿಲ್ಲ. 1984–85ರ ಗಣಿ ಕಾರ್ಮಿಕರ ಮುಷ್ಕರ ಸೋತ ಮೇಲೆ ಗಣಿಗಳು ಒಂದೊಂದಾಗಿ ಮುಚ್ಚಿದವು. ನನ್ನ ಕ್ಲಿನಿಕ್ಕಿನ ಬೆಂಚು ಖಾಲಿಯಾಗಲಿಲ್ಲ.

5. ಹೆಂಡತಿಯ ದುಡಿಮೆಯನ್ನೂ ಲೆಕ್ಕಕ್ಕೆ ಹಿಡಿಯಿರಿ.

ಜಿಪಿಗಳ ಜೊತೆಗಿನ 2004ರ ಹೊಸ ಒಪ್ಪಂದದ ತನಕ ರಾತ್ರಿಯ ಕರೆಗಳೂ ಜಿಪಿಯ ಹೊಣೆಯೇ. ನಾನು ಒಂದು ಮನೆಗೆ ಹೋಗಿದ್ದಾಗ ಇನ್ನೊಂದು ಮನೆಯ ಫೋನ್ ಎತ್ತಿ, ಎದೆನೋವೋ ಹೊಟ್ಟೆನೋವೋ ಎಂದು ಕೇಳಿ ಬರೆದಿಡುತ್ತಿದ್ದವಳು ನನ್ನ ಹೆಂಡತಿ. ಸಂಬಳ ಮಾತ್ರ ನನಗೊಬ್ಬನಿಗೆ.

6. ಕಾನೂನು ನಿಮ್ಮನ್ನು ಕೇಳಿ ಬದಲಾಗುವುದಿಲ್ಲ.

ನನ್ನ ಡಿಗ್ರಿಗೆ ಪರೀಕ್ಷೆ ಬೇಕಿರಲಿಲ್ಲ. 1975ರಲ್ಲಿ ಅಲ್ಲಿನ ಜನರಲ್ ಮೆಡಿಕಲ್ ಕೌನ್ಸಿಲ್ ಭಾರತದ ಪದವಿಗಳಿಗೆ ಮಾನ್ಯತೆ ತೆಗೆದುಹಾಕಿ ಪರೀಕ್ಷೆ ತಂದಿತು. ಪ್ಲಾಬ್ ಬಂದದ್ದು ಆ ದಾರಿಯಲ್ಲಿ. ಈಗ ಪ್ಲಾಬ್ ಪಾಸಾಗಿಯೂ ಪೋಸ್ಟ್ ಸಿಗದೆ ಕುಳಿತವರು ಬಹಳ. ಅಲ್ಲೇ ಓದಿದವರಿಗೆ ಮೊದಲು ಎಂಬ ಮಾತೂ ಜೋರಾಗಿದೆ. ಎರಡನೆಯ ಭಾಗ ಬರೆಯಲು ಮ್ಯಾಂಚೆಸ್ಟರಿಗೇ ಹೋಗಬೇಕು, ಖರ್ಚು ಸಣ್ಣದಲ್ಲ. ಅಡಿಕೆ ತೋಟದ ಮೇಲೆ ಸೊಸೈಟಿ ಸಾಲ ಎತ್ತುವ ಯೋಚನೆ ಇದ್ದರೆ, ಮಾರಾಯ್ರೆ, ಒಂದು ವರ್ಷ ಕೆಲಸ ಸಿಗದಿದ್ದರೆ ಕಂತು ಕಟ್ಟುವುದು ಯಾರು ಎಂದು ಟಿಕೆಟ್ ಮಾಡುವ ಮೊದಲೇ ಅಪ್ಪನ ಹತ್ತಿರ ಕೂತು ಮಾತಾಡಿ.