ಚಳಿಗಾಲದ ಕೈತೋಟದಲ್ಲಿ ಸಾಸಿವೆ ಕುಲದ ಸೊಪ್ಪುಗಳು

ಕರ್ನಾಟಕದ ಅಡುಗೆಮನೆಯಲ್ಲಿ ಸಾಸಿವೆ ಎಂದರೆ ಒಗ್ಗರಣೆಯ ಕಾಳು. ಅದೇ ಗಿಡದ ಎಲೆಯು ಪಂಜಾಬಿನಲ್ಲಿ ಚಳಿಗಾಲದ ನಿತ್ಯದ ಆಹಾರ. ಅಸ್ಸಾಮಿನವರು ಅದನ್ನು ಲಾಯಿ ಎಂದೂ ಮಣಿಪುರದವರು ಹಂಗಾಮ್ ಎಂದೂ ಕರೆದು ಮನೆಯ ಹಿತ್ತಿಲಿನಲ್ಲಿಯೇ ಬೆಳೆಯುತ್ತಾರೆ. ಚೀನಾದ ಪಾಕ್ ಚಾಯ್, ಜಪಾನಿನ ಮಿಜುನಾ ಮತ್ತು ಕೊಮಾತ್ಸುನಾ ಸಹ ಇದೇ ಕುಟುಂಬಕ್ಕೆ ಸೇರಿದ ಸೊಪ್ಪುಗಳು. ಕೊಮಾತ್ಸುನಾ ಎಂಬ ಹೆಸರು ಇಂದಿನ ಟೋಕಿಯೋದಲ್ಲಿರುವ ಕೊಮಾತ್ಸುಗಾವಾ ಪ್ರದೇಶದಿಂದ ಬಂದಿದೆ.

ಈ ಸಸ್ಯಗಳು ಲಘು ಹಿಮವನ್ನೂ ತಾಳಿಕೊಳ್ಳುತ್ತವೆ. ಚಳಿ ಹೆಚ್ಚಿದಂತೆ ಎಲೆಯಲ್ಲಿ ಸಕ್ಕರೆಯ ಅಂಶ ಸಂಗ್ರಹವಾಗುವುದರಿಂದ ರುಚಿ ಮತ್ತಷ್ಟು ಸಿಹಿಯಾಗುತ್ತದೆ. ಕರ್ನಾಟಕದಲ್ಲಿ ಇವುಗಳ ಶತ್ರು ಹಿಮವಲ್ಲ, ಬಿಸಿಲು. ಹಗಲು ದೀರ್ಘವಾಗಿ ಸೆಕೆ ಏರಿದೊಡನೆ ಗಿಡವು ಎಲೆ ಬಿಡುವುದನ್ನು ನಿಲ್ಲಿಸಿ ಹೂದಂಡು ಎತ್ತುತ್ತದೆ, ಎಲೆ ಕಹಿಯಾಗುತ್ತದೆ. ಆದ್ದರಿಂದ ಅಕ್ಟೋಬರ್ ಮಧ್ಯದಿಂದ ಡಿಸೆಂಬರ್ ಅಂತ್ಯದವರೆಗಿನ ಅವಧಿಯೇ ಬಿತ್ತನೆಗೆ ಸೂಕ್ತ.

ಮಡಿಯ ಅಗಲ ಒಂದು ಮೀಟರ್ ಇದ್ದರೆ ಎರಡೂ ಬದಿಯಿಂದ ಕೈಗೆಟಕುತ್ತದೆ, ಮಣ್ಣನ್ನು ತುಳಿಯಬೇಕಾಗುವುದಿಲ್ಲ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಬೆರೆಸಿ, ಬೀಜವನ್ನು ಒಣ ಮರಳಿನೊಂದಿಗೆ ಕಲಸಿ, 20 ಸೆಂ.ಮೀ. ಅಂತರದ ಸಾಲುಗಳಲ್ಲಿ ಅರ್ಧ ಸೆಂ.ಮೀ.ನಿಂದ 1 ಸೆಂ.ಮೀ. ಆಳಕ್ಕೆ ಬಿತ್ತಬೇಕು. ಆಳ ಹೆಚ್ಚಾದರೆ ಮೊಳಕೆ ಮೇಲೇಳುವುದಿಲ್ಲ. ಮೂರರಿಂದ ಐದು ದಿನಗಳಲ್ಲಿ ಸಸಿಗಳು ಕಾಣಿಸಿಕೊಳ್ಳುತ್ತವೆ. ಒತ್ತಾದ ಸಸಿಗಳನ್ನು ಕಿತ್ತು ವಿರಳಗೊಳಿಸುವುದು ಕಡ್ಡಾಯ. ಕಿತ್ತದ್ದೂ ಸಾರಿಗೆ ಬರುತ್ತದೆ. ಇಡೀ ಮಡಿಗೆ ಒಂದೇ ದಿನ ಬಿತ್ತುವ ರೂಢಿಯಿಂದ ಒಂದು ವಾರ ಸೊಪ್ಪು ಮಿಗುತ್ತದೆ, ಮುಂದಿನ ತಿಂಗಳು ಏನೂ ಇರುವುದಿಲ್ಲ. ಹದಿನೈದು ದಿನಗಳಿಗೊಮ್ಮೆ ಮಡಿಯ ಒಂದೊಂದು ಭಾಗಕ್ಕೆ ಬಿತ್ತಿ, ಹೊರಸುತ್ತಿನ ಎಲೆಗಳನ್ನು ಮಾತ್ರ ಕೊಯ್ಯುತ್ತಾ ಹೋದರೆ ಫೆಬ್ರವರಿಯವರೆಗೂ ಸೊಪ್ಪು ದೊರೆಯುತ್ತದೆ.

ಎಲೆಯಲ್ಲಿ ಸಣ್ಣ ತೂತುಗಳನ್ನು ಮಾಡುವ ಜಿಗಿಯುವ ದುಂಬಿ ಮತ್ತು ಸಸ್ಯಹೇನು ಈ ಬೆಳೆಯ ಮುಖ್ಯ ಕೀಟಗಳು. 50 ಗ್ರಾಂ ಬೇವಿನ ಬೀಜದ ತಿರುಳನ್ನು ಜಜ್ಜಿ ಒಂದು ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಸೋಸಿ, ಸಂಜೆಯ ವೇಳೆ ಸಿಂಪಡಿಸಬಹುದು. ಎಲೆಯನ್ನೇ ತಿನ್ನುವ ಬೆಳೆಗೆ ರಾಸಾಯನಿಕ ಕೀಟನಾಶಕ ಸಲ್ಲದು. ಎಲೆಕೋಸು, ಮೂಲಂಗಿ ಬೆಳೆದ ಮಡಿಯಲ್ಲಿಯೇ ಇವನ್ನು ಮತ್ತೆ ಬೆಳೆಯಬಾರದು. ಅವೂ ಇದೇ ಕುಟುಂಬದವು.

2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ 15ರಿಂದ 49 ವರ್ಷದ ಮಹಿಳೆಯರ ಪೈಕಿ ಶೇ. 47.8ರಷ್ಟು ಮಂದಿಗೂ 6ರಿಂದ 59 ತಿಂಗಳ ಮಕ್ಕಳ ಪೈಕಿ ಶೇ. 65.5ರಷ್ಟು ಮಂದಿಗೂ ರಕ್ತಹೀನತೆ ಇತ್ತು. ಸೊಪ್ಪೊಂದರಿಂದಲೇ ಇದು ನೀಗುತ್ತದೆ ಎನ್ನಲಾಗದು. ಕಬ್ಬಿಣಾಂಶದ ಮಾತ್ರೆಗೆ ಅದು ಬದಲಿಯೂ ಅಲ್ಲ. ಆದರೆ ಪಾಲಕ್ ಸೊಪ್ಪಿನಲ್ಲಿರುವ ಆಕ್ಸಲೇಟ್ ಸುಣ್ಣದ ಅಂಶವನ್ನು ದೇಹಕ್ಕೆ ದಕ್ಕದಂತೆ ಹಿಡಿದಿಡುತ್ತದೆ. ಸಾಸಿವೆ ಕುಲದ ಸೊಪ್ಪಿನಲ್ಲಿ ಆಕ್ಸಲೇಟ್ ಬಹಳ ಕಡಿಮೆ. ಪಲ್ಯಕ್ಕೆ ನಿಂಬೆರಸ ಹಿಂಡಿದರೆ ಕಬ್ಬಿಣಾಂಶವು ಹೆಚ್ಚು ಹೀರಲ್ಪಡುತ್ತದೆ. ಊಟದ ಜೊತೆಗೇ ಚಹಾ ಕುಡಿದರೆ ಕಡಿಮೆಯಾಗುತ್ತದೆ.

ವಿದೇಶಿ ಹೆಸರಿನ ಸೊಪ್ಪಿಗಾಗಿ ಮೆಂತ್ಯ, ಸಬ್ಬಸಿಗೆಗಳನ್ನು ಕೈಬಿಡುವುದು ಜಾಣತನವಲ್ಲ. ಪಾಕ್ ಚಾಯ್ ಬೀಜ ದೊರೆಯದ ಊರಿನಲ್ಲಿ ಒಗ್ಗರಣೆ ಡಬ್ಬಿಯ ಹೊಸ ಸಾಸಿವೆಯನ್ನೇ ಬಿತ್ತಬಹುದು. ಅದು ಬೇಗ ಹೂಬಿಡುವ ಕಾರಣ ಎಳೆಯದಿರುವಾಗಲೇ, ಸುಮಾರು 30 ದಿನಗಳೊಳಗೆ, ಕೊಯ್ಯಬೇಕು.

ಅಂಗನವಾಡಿ ಮತ್ತು ಶಾಲೆಯ ಕೈತೋಟಗಳ ವಿಷಯದಲ್ಲಿ ಸದಸ್ಯರು ಎರಡು ಸಂಗತಿಗಳನ್ನು ಸ್ಥಳಕ್ಕೆ ಹೋಗಿ ನೋಡುವುದು ಒಳಿತು. ಮೊದಲನೆಯದು ನೀರು: ಚರಂಡಿಯ ನೀರನ್ನು ಸೊಪ್ಪಿನ ಮಡಿಗೆ ಹರಿಸಿದರೆ ಮಕ್ಕಳ ತಟ್ಟೆಗೆ ರೋಗಾಣುಗಳನ್ನು ಬಡಿಸಿದಂತೆ. ಎರಡನೆಯದು ಬೀಜ ತಲುಪುವ ದಿನ. ಜನವರಿಯ ಕೊನೆಯಲ್ಲಿ ಹಂಚಿದ ಬೀಜವು ಲೆಕ್ಕಪತ್ರದಲ್ಲಿ ಖರ್ಚಾಗಿ ಕಾಣುತ್ತದೆ, ಮಡಿಯಲ್ಲಿ ಹೂವಾಗಿ ನಿಲ್ಲುತ್ತದೆ. ಸ್ವಸಹಾಯ ಸಂಘಗಳ ಮೂಲಕ ಬೀಜ ಖರೀದಿಸುವುದಾದರೆ ವಿಷಯವು ಸೆಪ್ಟೆಂಬರ್ ತಿಂಗಳ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿಯೇ ಇರತಕ್ಕದ್ದು.