‘ಕರೆಂಟ್’ ಚಿಕಿತ್ಸೆ: ಸಹಿ ಹಾಕುವ ಮೊದಲು ತಿಳಿದಿರಬೇಕಾದದ್ದು

“ಅಬ್ಬಾಗೆ ಕರೆಂಟ್ ಕೊಡ್ಬೇಕಂತೆ ಡಾಕ್ಟರ್ ಸಾಹೇಬ್. ಸಹಿ ಮಾಡ್ಲಾ, ಬೇಡ್ವಾ?”

ಹಾಗಲವಾಡಿ ಕಡೆಯ ಯುವಕನೊಬ್ಬ ಬೆಂಗಳೂರಿನ ಆಸ್ಪತ್ರೆಯಿಂದ ಫೋನ್ ಮಾಡಿ ಕೇಳಿದ ಪ್ರಶ್ನೆ ಇದು. ಅವನ ತಂದೆ ಕೊಬ್ಬರಿ ವ್ಯಾಪಾರಿ. ಐವತ್ತು ದಾಟಿದ ವಯಸ್ಸು, ಐದು ಹೊತ್ತಿನ ನಮಾಝ್ ತಪ್ಪಿಸದವರು. ಕೆಲವು ತಿಂಗಳಿಂದ ತಿಪಟೂರು ಮಾರುಕಟ್ಟೆಗೆ ಹೋಗುವುದನ್ನು ಬಿಟ್ಟಿದ್ದರು. ಆಮೇಲೆ ಮಾತು ಬಿಟ್ಟರು, ಊಟ ಬಿಟ್ಟರು. “ನಾನು ಗುನಹಗಾರ, ಅಲ್ಲಾಹ್ ನನ್ನನ್ನು ಕ್ಷಮಿಸುವುದಿಲ್ಲ, ನನಗೆ ಅನ್ನ ಹರಾಮ್” ಎಂಬುದೊಂದೇ ಮಾತು ಉಳಿದಿತ್ತು. ಕೊನೆಗೆ ನೀರನ್ನೂ ಬೇಡವೆಂದರು. (ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಇಂಥ ಪ್ರಶ್ನೆ ನಿಮ್ಮ ಮನೆಗೂ ಬರಬಹುದು. ಬಂದಾಗ ಯೋಚಿಸಲು ಸಮಯ ಕಡಿಮೆ ಇರುತ್ತದೆ. ಆದ್ದರಿಂದ ಈಗಲೇ ತಿಳಿದುಕೊಳ್ಳೋಣ.

ಮೊದಲು ನನ್ನ ತಪ್ಪು

ಆ ಕುಟುಂಬ ಮೊದಲು ಬಂದದ್ದು ನನ್ನ ಬಳಿಗೇ. ಯುನಾನಿ ಶಾಸ್ತ್ರದಲ್ಲಿ ಈ ಕಾಯಿಲೆಗೆ ‘ಮಾಲೀಖೂಲಿಯಾ’ ಎಂದು ಹೆಸರು. ಸೌದಾ, ಅಂದರೆ ಕಪ್ಪು ಪಿತ್ತ ಕೆಟ್ಟು ಹೆಚ್ಚಾದಾಗ ಇದು ಬರುತ್ತದೆಂದು ನಮ್ಮ ಹಕೀಮರು ಬರೆದಿದ್ದಾರೆ. ನಾನು ಖಮೀರಾ ಗಾವ್‌ಝುಬಾನ್ ಕೊಟ್ಟೆ, ತಲ್ಬೀನಾ ಕುಡಿಸಲು ಹೇಳಿದೆ. ಹದಿನೈದು ದಿನಕ್ಕೆ ಗುಣ ಕಾಣದಿದ್ದಾಗಲೇ ಮನೋವೈದ್ಯರ ಬಳಿಗೆ ಕಳುಹಿಸಬೇಕಿತ್ತು. ಎರಡು ತಿಂಗಳು ಕಾದೆ. ಆ ಎರಡು ತಿಂಗಳಲ್ಲಿ ಅವರ ಪ್ರಾಣವೇ ಹೋಗಬಹುದಿತ್ತು. ಸಣ್ಣ ಬೇಸರಕ್ಕೆ, ನಿದ್ದೆಗೇಡಿಗೆ ನಮ್ಮ ಪದ್ಧತಿಯಲ್ಲಿ ಒಳ್ಳೆಯ ಔಷಧ, ಪಥ್ಯಗಳಿವೆ. ಆದರೆ ಅನ್ನ ನೀರು ಬಿಟ್ಟವರನ್ನು, ಸಾಯುವ ಮಾತಾಡುವವರನ್ನು ಖಮೀರಾ ಕೊಟ್ಟು ಕಾಯಿಸಬಾರದು.

ಇದು ಈಮಾನಿನ ಕೊರತೆಯಲ್ಲ

“ನಮಾಝ್ ಮಾಡುವವರಿಗೆ ಇಂಥ ಕಾಯಿಲೆ ಏಕೆ ಬರುತ್ತದೆ?” ಎಂದು ಕೇಳುವವರಿದ್ದಾರೆ. ಪ್ರವಾದಿ ಯಅಕೂಬ್(ಅ)ರು ಮಗನ ಅಗಲಿಕೆಯ ದುಃಖದಲ್ಲಿ ಕಣ್ಣನ್ನೇ ಕಳೆದುಕೊಂಡ ವಿಷಯ ಕುರ್‌ಆನಿನಲ್ಲಿದೆ. ಅದನ್ನು ಯಾರೂ ಈಮಾನಿನ ಕೊರತೆ ಎನ್ನುವುದಿಲ್ಲ. ಸಾವಿರ ವರ್ಷಗಳ ಹಿಂದೆಯೇ ಅಬೂ ಝೈದ್ ಅಲ್ ಬಲ್ಖಿ ಎಂಬ ವಿದ್ವಾಂಸರು ದೇಹ ಮತ್ತು ಮನಸ್ಸಿನ ಆರೋಗ್ಯದ ಬಗ್ಗೆ ‘ಮಸಾಲಿಹುಲ್ ಅಬ್ದಾನ್ ವಲ್ ಅನ್ಫುಸ್’ ಎಂಬ ಗ್ರಂಥ ಬರೆದರು. ದುಃಖದಲ್ಲಿ ಎರಡು ಬಗೆ ಇದೆ ಎಂದು ಅವರು ವಿಂಗಡಿಸಿದ್ದಾರೆ. ಒಂದಕ್ಕೆ ಕಾರಣ ಗೊತ್ತಿರುತ್ತದೆ. ಇನ್ನೊಂದು ಕಾರಣವೇ ತಿಳಿಯದೆ ದೇಹದೊಳಗಿನಿಂದ ಬರುತ್ತದೆ. ಎರಡನೆಯದಕ್ಕೆ ಬುದ್ಧಿಮಾತು ಸಾಲದು, ದೇಹಕ್ಕೇ ಚಿಕಿತ್ಸೆ ಬೇಕು.

ರೋಗ ಇಳಿಸಿದ ಅಲ್ಲಾಹನು ಮದ್ದನ್ನೂ ಇಳಿಸಿದ್ದಾನೆಂದು ಪ್ರವಾದಿ(ಸ)ರು ಕಲಿಸಿದ್ದಾರೆ. ದುಆ ಮಾಡಿ, ಓದಿ ಊದಿ. ಅದಕ್ಕಾಗಿ ಆಸ್ಪತ್ರೆಯ ದಿನವನ್ನು ಮುಂದೂಡಬೇಡಿ.

ಈ ಚಿಕಿತ್ಸೆಯಲ್ಲಿ ಏನು ಮಾಡುತ್ತಾರೆ?

ವೈದ್ಯರು ಇದನ್ನು ‘ಇಸಿಟಿ’ ಎನ್ನುತ್ತಾರೆ. 1938ರಲ್ಲಿ ಇಟಲಿಯ ರೋಮ್ ನಗರದಲ್ಲಿ ಚೆರ್ಲೆಟ್ಟಿ ಮತ್ತು ಬಿನಿ ಎಂಬ ವೈದ್ಯರು ಇದನ್ನು ಆರಂಭಿಸಿದರು. ಆಗ ಅರಿವಳಿಕೆ ಇರಲಿಲ್ಲ. ರೋಗಿಯನ್ನು ಹಿಡಿದುಕೊಳ್ಳುತ್ತಿದ್ದರು, ಮೂಳೆ ಮುರಿದದ್ದೂ ಉಂಟು. ನಮ್ಮ ದೇಶದಲ್ಲೂ ಬಹುಕಾಲ ಕೆಲವೆಡೆ ಹಾಗೆಯೇ ಕೊಡುತ್ತಿದ್ದರು. ಸಿನಿಮಾದಲ್ಲಿ ತೋರಿಸುವುದು ಆ ಕಾಲದ ಚಿತ್ರವನ್ನು. ಹಿರಿಯರ ಹೆದರಿಕೆ ಸುಳ್ಳಲ್ಲ, ಆದರೆ ಅದು ಹಳೆಯ ವಿಧಾನದ ಹೆದರಿಕೆ.

ಈಗ ಹೀಗೆ ಮಾಡುತ್ತಾರೆ: ರೋಗಿ ಖಾಲಿ ಹೊಟ್ಟೆಯಲ್ಲಿರಬೇಕು. ನರಕ್ಕೆ ಇಂಜೆಕ್ಷನ್ ಕೊಟ್ಟು ಕೆಲವು ನಿಮಿಷ ನಿದ್ದೆ ಬರಿಸುತ್ತಾರೆ. ಸ್ನಾಯು ಸಡಿಲವಾಗಲು ಇನ್ನೊಂದು ಇಂಜೆಕ್ಷನ್. ಆಮ್ಲಜನಕ ಕೊಡುತ್ತಾ, ತಲೆಗೆ ಎರಡು ಕಡೆ ಪಟ್ಟಿ ಇಟ್ಟು ಅಳತೆ ಮಾಡಿದ ವಿದ್ಯುತ್ತನ್ನು ಕೆಲವು ಸೆಕೆಂಡು ಹಾಯಿಸುತ್ತಾರೆ. ಮಿದುಳಿನಲ್ಲಿ ಒಂದು ನಿಮಿಷದೊಳಗಿನ ಫಿಟ್ಸ್ ಬರುತ್ತದೆ. ದೇಹ ಹೆಚ್ಚು ಅಲುಗುವುದಿಲ್ಲ. ರೋಗಿಗೆ ಕರೆಂಟಿನ ಅನುಭವ ಆಗುವುದಿಲ್ಲ. ಸ್ವಲ್ಪ ಹೊತ್ತಿಗೆ ಎಚ್ಚರವಾಗುತ್ತದೆ. ಗುಣ ಬರುವುದು ವಿದ್ಯುತ್ತಿನಿಂದಲ್ಲ, ಅದು ಹುಟ್ಟಿಸುವ ಆ ಫಿಟ್ಸ್‌ನಿಂದ. ವಾರಕ್ಕೆ ಎರಡು ಅಥವಾ ಮೂರರಂತೆ ಸಾಮಾನ್ಯವಾಗಿ 6ರಿಂದ 12 ಸಲ ಕೊಡುತ್ತಾರೆ.

ಯಾರಿಗೆ ಬೇಕು, ಯಾರಿಗೆ ಬೇಡ?

ಕೆಳಗಿನ ಸಂದರ್ಭಗಳಲ್ಲಿ ವೈದ್ಯರು ಇಸಿಟಿ ಹೇಳಿದರೆ ಅದರಲ್ಲಿ ಅರ್ಥವಿದೆ:

• ತೀವ್ರ ಖಿನ್ನತೆಯಿಂದ ಅನ್ನ ನೀರು ಬಿಟ್ಟವರು.
• ಆತ್ಮಹತ್ಯೆಯ ಅಪಾಯ ಕಣ್ಣೆದುರೇ ಇರುವವರು.
• ಕಲ್ಲಿನಂತೆ ಮಾತಿಲ್ಲದೆ, ಅಲುಗದೆ ಕುಳಿತವರು.
• ಖಿನ್ನತೆಯ ಜೊತೆಗೆ ಇಲ್ಲದ್ದು ಕೇಳಿಸುವವರು, ‘ನನ್ನ ಪಾಪಕ್ಕೆ ಕ್ಷಮೆಯೇ ಇಲ್ಲ’ ಎಂಬಂಥ ಅಲುಗಾಡದ ತಪ್ಪು ನಂಬಿಕೆ ಇರುವವರು.
• ಸರಿಯಾದ ಪ್ರಮಾಣದ ಮಾತ್ರೆಗಳನ್ನು ಸಾಕಷ್ಟು ವಾರ ನುಂಗಿಯೂ ಗುಣ ಕಾಣದವರು.
• ಬೈಪೋಲಾರ್ ಕಾಯಿಲೆಯಲ್ಲಿ ಔಷಧಕ್ಕೆ ಬಗ್ಗದ ಉನ್ಮಾದ ಇರುವವರು.

ಗರ್ಭಿಣಿಯರಿಗೂ ಬಾಣಂತಿಯರಿಗೂ ಕಾಯಿಲೆ ತೀವ್ರವಾಗಿದ್ದರೆ ಎಚ್ಚರಿಕೆಯಿಂದ ಕೊಡುತ್ತಾರೆ.

ಸಣ್ಣ ಅಥವಾ ಮಧ್ಯಮ ಖಿನ್ನತೆಗೆ ಇದು ಮೊದಲ ಚಿಕಿತ್ಸೆಯಲ್ಲ. ಸಾಲದ ಚಿಂತೆ, ಮನೆಯ ಜಗಳ, ಮಾಡಿಕೊಂಡ ಮದುವೆ ಇಷ್ಟವಾಗದ ಕೊರಗು, ಇವಕ್ಕೆ ಇದು ಮದ್ದೇ ಅಲ್ಲ. ಇತ್ತೀಚೆಗೆ ಹೃದಯಾಘಾತ ಅಥವಾ ಪಾರ್ಶ್ವವಾಯು ಆದವರು, ಮಿದುಳಿನಲ್ಲಿ ಗಡ್ಡೆ ಇರುವವರು ಮೊದಲೇ ಹೇಳಬೇಕು. ಅವರಿಗೆ ಅಪಾಯ ಹೆಚ್ಚು.

ಲಾಭ ಎಷ್ಟು, ನಷ್ಟ ಎಷ್ಟು?

ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನ ವೈದ್ಯರು 2000ದಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇಲ್ಲಿ ಉಪಯುಕ್ತ. ತೀವ್ರ ಖಿನ್ನತೆಯಿಂದ ದಾಖಲಾದ 45 ಮಂದಿಯನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಇಸಿಟಿ, ಒಂದಕ್ಕೆ ಇಮಿಪ್ರಮಿನ್ ಮಾತ್ರೆ, ಮತ್ತೊಂದಕ್ಕೆ ಸುದರ್ಶನ ಕ್ರಿಯೆ ಎಂಬ ಉಸಿರಾಟದ ಅಭ್ಯಾಸ. ನಾಲ್ಕು ವಾರದ ಕೊನೆಗೆ ಇಸಿಟಿ ಗುಂಪಿನಲ್ಲಿ ಶೇ. 93, ಮಾತ್ರೆಯಲ್ಲಿ ಶೇ. 73, ಉಸಿರಾಟದಲ್ಲಿ ಶೇ. 67 ಮಂದಿ ಚೇತರಿಸಿಕೊಂಡಿದ್ದರು. ಅಧ್ಯಯನ ಸಣ್ಣದು. ಆದರೂ ಅದರಲ್ಲಿ ಎರಡು ಪಾಠಗಳಿವೆ. ಕಾಯುವಷ್ಟು ಸಮಯವಿದ್ದರೆ ಬೇರೆ ದಾರಿಗಳೂ ಫಲ ಕೊಡುತ್ತವೆ. ಸಮಯವೇ ಇಲ್ಲದಾಗ ಹೆಚ್ಚು ಭರವಸೆಯ ದಾರಿ ಇಸಿಟಿ.

ಇನ್ನು ನಷ್ಟದ ಮಾತು. ತಲೆನೋವು, ಮೈಕೈ ನೋವು, ವಾಕರಿಕೆ, ಎದ್ದ ಮೇಲೆ ಸ್ವಲ್ಪ ಹೊತ್ತು ಗಲಿಬಿಲಿ, ಇವು ಸಾಮಾನ್ಯ, ಬೇಗ ಹೋಗುತ್ತವೆ. ಮುಖ್ಯವಾದದ್ದು ಮರೆವು. ಚಿಕಿತ್ಸೆಯ ದಿನಗಳ ಮತ್ತು ಅದಕ್ಕೆ ಹಿಂದಿನ ವಾರ, ತಿಂಗಳುಗಳ ಕೆಲವು ನೆನಪು ಅಳಿಸಬಹುದು. ಹೊಸದನ್ನು ನೆನಪಿಟ್ಟುಕೊಳ್ಳುವ ಶಕ್ತಿ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಮರಳುತ್ತದೆ. ಆದರೆ ಅಳಿಸಿದ ಕೆಲವು ನೆನಪು ಮರಳದೇ ಇರಬಹುದು. ಕೆಲವರಿಗೆ ಈ ತೊಂದರೆ ಬಹುಕಾಲ ಉಳಿದಿದೆ. ‘ಏನೂ ಆಗಲ್ಲ’ ಎಂದು ಯಾರಾದರೂ ಹೇಳಿದರೆ ಅದು ಪೂರ್ತಿ ಸತ್ಯವಲ್ಲ. ಜೀವಕ್ಕೆ ಅಪಾಯ ತೀರಾ ಕಡಿಮೆ. ಒಂದು ಲಕ್ಷ ಸಲ ಕೊಟ್ಟರೆ ಸುಮಾರು ಎರಡು ಸಾವು, ಅಂದರೆ ಅರಿವಳಿಕೆಯ ಸಣ್ಣ ಶಸ್ತ್ರಚಿಕಿತ್ಸೆಗಿರುವಷ್ಟೇ ಅಪಾಯ.

ಗುಣವಾಯಿತೆಂದು ಮಾತ್ರೆ ನಿಲ್ಲಿಸುವುದು ನಮ್ಮ ಕುಟುಂಬಗಳು ಮಾಡುವ ದೊಡ್ಡ ತಪ್ಪು. 2001ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಇಸಿಟಿಯಿಂದ ಗುಣವಾದ ಮೇಲೆ ಔಷಧವಿಲ್ಲದ ಮಾತ್ರೆ ಪಡೆದವರಲ್ಲಿ ಶೇ. 84 ಮಂದಿಗೆ ಆರು ತಿಂಗಳೊಳಗೆ ಕಾಯಿಲೆ ಮರುಕಳಿಸಿತು. ಎರಡು ಔಷಧ ಸೇರಿಸಿ ಪಡೆದವರಲ್ಲಿ ಅದು ಶೇ. 39ಕ್ಕೆ ಇಳಿಯಿತು. ಇಸಿಟಿ ಬೆಂಕಿ ಆರಿಸುತ್ತದೆ, ಮತ್ತೆ ಹತ್ತದಂತೆ ಕಾಯುವುದು ಮಾತ್ರೆ.

ಸಹಿ ಯಾರದು?

ಆ ಯುವಕನಿಗೆ ನಾನು ಹೇಳಿದ ಮೊದಲ ಮಾತು: “ಬೇಟಾ, ಮೊದಲು ಅಬ್ಬಾಗೆ ಅರ್ಥವಾಗುತ್ತದೆಯೇ ಎಂದು ವೈದ್ಯರನ್ನು ಕೇಳು. ಅರ್ಥವಾಗುವುದಾದರೆ ಸಹಿ ಅವರದು, ನಿನ್ನದಲ್ಲ.”

2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ ಪ್ರಕಾರ, ವಿಷಯ ತಿಳಿದು ನಿರ್ಧರಿಸಬಲ್ಲ ರೋಗಿಯ ಒಪ್ಪಿಗೆಯೇ ಒಪ್ಪಿಗೆ. ಬೇಡವೆನ್ನುವ ಹಕ್ಕೂ ಅವರದೇ. ಕಾಯಿಲೆಯ ತೀವ್ರತೆಯಿಂದ ಆ ಸಾಮರ್ಥ್ಯ ಇಲ್ಲದಾಗ ಮಾತ್ರ, ಅವರ ಪ್ರತಿನಿಧಿಯಾದ ಕುಟುಂಬದವರು ತಾತ್ಕಾಲಿಕವಾಗಿ ಒಪ್ಪಿಗೆ ಕೊಡಬಹುದು. ಆ ಸಾಮರ್ಥ್ಯ ಮರಳಿದೆಯೇ ಎಂದು ವೈದ್ಯರು ಪ್ರತಿ ಏಳು ದಿನಕ್ಕೆ ಮತ್ತೆ ನೋಡಬೇಕು. ತುರ್ತು ಚಿಕಿತ್ಸೆಯ ಹೆಸರಿನಲ್ಲಿ ಇಸಿಟಿ ಕೊಡುವಂತಿಲ್ಲ.

ಅದೇ ಕಾಯ್ದೆಯ 95ನೇ ಕಲಮು ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧವಿಲ್ಲದೆ ಇಸಿಟಿ ಕೊಡುವುದನ್ನು ನಿಷೇಧಿಸಿದೆ. ಮಕ್ಕಳಿಗೆ ಕೊಡಬೇಕಾದರೆ ಪೋಷಕರ ಒಪ್ಪಿಗೆಯ ಜೊತೆ ಮಂಡಳಿಯ ಅನುಮತಿಯೂ ಬೇಕು. ಇದೇ ಕಲಮು ಇನ್ನೊಂದನ್ನೂ ನಿಷೇಧಿಸಿದೆ: ಮನೋರೋಗಿಯನ್ನು ಸರಪಳಿಯಿಂದ ಕಟ್ಟುವುದು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಆಸರೆ ಹುಡುಕಿ ಬಂದ ಕುಟುಂಬಗಳು ಬಿಟ್ಟುಹೋದ ರೋಗಿಗಳಿದ್ದ ಗುಡಿಸಲಿಗೆ ಬೆಂಕಿ ಬಿತ್ತು. ಸರಪಳಿಯಲ್ಲಿದ್ದ ಅವರು ಓಡಲಾಗಲಿಲ್ಲ. 28 ಮಂದಿ ಸತ್ತರು. ಕರೆಂಟಿಗೆ ಹೆದರುವ ನಾವು ಸರಪಳಿಗೆ ಹೆದರಲಿಲ್ಲ. ಇದನ್ನು ನಮ್ಮ ಸಮುದಾಯ ಮರೆಯಬಾರದು.

ಯುನಾನಿ ಔಷಧವನ್ನು ಮುಚ್ಚಿಡಬೇಡಿ

ಇದು ನನ್ನ ವಿಶೇಷ ವಿನಂತಿ. ರಕ್ತದೊತ್ತಡಕ್ಕೆ, ನಿದ್ದೆಗೆ ಕೊಡುವ ‘ದವಾಉಶ್ಶಿಫಾ’ ಮಾತ್ರೆಯಲ್ಲಿ ಅಸ್ರೋಲ್, ಅಂದರೆ ಸರ್ಪಗಂಧದ ಬೇರು ಇರುತ್ತದೆ. ಅದರಲ್ಲಿರುವ ರಿಸರ್ಪಿನ್ ಖಿನ್ನತೆಯನ್ನು ಹೆಚ್ಚಿಸಬಹುದೆಂಬ ಎಚ್ಚರಿಕೆ ಇದೆ. ಇಸಿಟಿಯ ಜೊತೆ ಸೇರಿದರೆ ರಕ್ತದೊತ್ತಡ ಅಪಾಯಕ್ಕೆ ಕುಸಿಯಬಹುದು. ನೀವು ತೆಗೆದುಕೊಳ್ಳುವ ಯುನಾನಿ, ಆಯುರ್ವೇದ, ಹಳ್ಳಿ ಮದ್ದು ಎಲ್ಲದರ ಡಬ್ಬಿಗಳನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ. ಲಿಥಿಯಂ ಮತ್ತು ಫಿಟ್ಸ್ ಮಾತ್ರೆಗಳ ವಿಷಯವನ್ನೂ ಹೇಳಿ.

ಸಿದ್ಧತೆ

ಹಿಂದಿನ ದಿನ ತಲೆ ತೊಳೆದು ಎಣ್ಣೆ ಹಚ್ಚದೆ ಇರಬೇಕು. ಕಟ್ಟಿಸಿದ ಹಲ್ಲು, ಪಿನ್ನು, ಆಭರಣ ತೆಗೆಯಬೇಕು. ತಾಯಿತ ಇದ್ದರೆ ಅದನ್ನೂ ತೆಗೆದು ಮನೆಯವರ ಕೈಯಲ್ಲಿ ಕೊಡಿ. ಹೆಂಗಸರಾದರೆ ಜೊತೆಗೆ ಮಹಿಳಾ ಸಿಬ್ಬಂದಿ ಇರಲಿ ಎಂದು ಮೊದಲೇ ಕೇಳಿಕೊಳ್ಳಿ. ಕೇಳುವುದರಲ್ಲಿ ಸಂಕೋಚ ಬೇಡ. ರಮಝಾನಿನಲ್ಲಿ ಚಿಕಿತ್ಸೆ ಬಂದರೆ ಮುಂದೂಡಬೇಡಿ. ರೋಗಿಗೆ ಉಪವಾಸ ಬಿಟ್ಟು ನಂತರ ಪೂರೈಸುವ ರಿಯಾಯಿತಿಯನ್ನು ಅಲ್ಲಾಹನೇ ಕೊಟ್ಟಿದ್ದಾನೆ. ಗಲಿಬಿಲಿಯಲ್ಲಿ ತಪ್ಪಿದ ನಮಾಝಿನ ವಿಷಯವನ್ನು ನಿಮ್ಮ ಆಲಿಮರಲ್ಲಿ ಕೇಳಿ. ಚಿಕಿತ್ಸೆ ಮುಗಿಯುವವರೆಗೆ ರೋಗಿ ಗಾಡಿ ಓಡಿಸಬಾರದು, ಜಮೀನು ಅಥವಾ ಹಣದ ಕಾಗದಕ್ಕೆ ಸಹಿ ಹಾಕಬಾರದು.

ವೈದ್ಯರನ್ನು ಈ ಐದು ಪ್ರಶ್ನೆ ಕೇಳಿ

1. ನಮ್ಮವರಿಗೆ ಇಸಿಟಿಯೇ ಏಕೆ? ಬೇರೆ ಯಾವ ದಾರಿ ಉಳಿದಿದೆ?
2. ಎರಡು ಮೂರು ವಾರ ಕಾದರೆ ಏನಾಗಬಹುದು?
3. ಎಷ್ಟು ಸಲ? ಎಷ್ಟನೆಯದಕ್ಕೆ ಗುಣ ಕಾಣದಿದ್ದರೆ ನಿಲ್ಲಿಸುತ್ತೀರಿ?
4. ಅರಿವಳಿಕೆ ತಜ್ಞರು ಇರುತ್ತಾರೆಯೇ? ಮರೆವನ್ನು ಹೇಗೆ ಗಮನಿಸುತ್ತೀರಿ?
5. ಮುಗಿದ ಮೇಲೆ ಯಾವ ಮಾತ್ರೆ, ಎಷ್ಟು ಕಾಲ?

ಎರಡನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಅದೇ ಅತಿ ಮುಖ್ಯ. ಕೊಡಿಸಿದರೆ ಏನಾಗುತ್ತದೋ ಎಂದು ಹೆದರುತ್ತೇವೆ, ಕೊಡಿಸದಿದ್ದರೆ ಏನಾಗುತ್ತದೆಂದು ಯೋಚಿಸುವುದಿಲ್ಲ. ತಡ ಮಾಡುವುದೂ ಒಂದು ನಿರ್ಧಾರವೇ, ಅದಕ್ಕೂ ಅದರದೇ ಅಪಾಯ ಇದೆ.

ನಮ್ಮ ಕಡೆಯವರು ಮೊದಲು ಗುಬ್ಬಿಯ ತಾಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ, ನಂತರ ತುಮಕೂರಿನ ಜಿಲ್ಲಾ ಆಸ್ಪತ್ರೆಗೆ, ಬೇಕಾದರೆ ನಿಮ್ಹಾನ್ಸ್‌ಗೆ ಹೋಗಬಹುದು. ಪಡಿತರ ಚೀಟಿ, ಆಯುಷ್ಮಾನ್ ಕಾರ್ಡ್ ಒಯ್ಯಿರಿ. ‘ಟೆಲಿ ಮಾನಸ್’ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಸಾಯುವ ಮಾತಾಡುವವರನ್ನು ಒಂಟಿಯಾಗಿ ಬಿಡಬೇಡಿ. ಕೀಟನಾಶಕ, ಹಗ್ಗ ಕೈಗೆ ಸಿಗದಂತೆ ನೋಡಿಕೊಳ್ಳಿ.

ಆ ಕೊಬ್ಬರಿ ವ್ಯಾಪಾರಿಗೆ ಎಂಟು ಸಲ ಇಸಿಟಿ ಕೊಟ್ಟರು. ಮೊದಲ ಒಪ್ಪಿಗೆ ಮಗನದು. ನಾಲ್ಕನೆಯದಾದ ಮೇಲೆ ಅವರೇ ಚಹಾ ಕೇಳಿ ಕುಡಿದರು. ಐದನೆಯದಕ್ಕೆ ವಿವರ ಕೇಳಿ ತಿಳಿದು ತಾವೇ ಸಹಿ ಹಾಕಿದರು. ಆ ವರ್ಷ ಮೊಮ್ಮಗಳ ಅಕೀಕಾ ಆಗಿತ್ತು, ಅದು ಅವರಿಗೆ ಇಂದಿಗೂ ನೆನಪಿಲ್ಲ. ಫೋಟೋ ನೋಡಿ, “ನಾನೂ ಇದ್ದೆನಾ?” ಎಂದು ಕೇಳುತ್ತಾರೆ. ಮಾತ್ರೆ ಇನ್ನೂ ನುಂಗುತ್ತಿದ್ದಾರೆ. ಮೊನ್ನೆ ನನ್ನ ಕ್ಲಿನಿಕ್ಕಿಗೆ ಬಂದಾಗ ನಾನು ತಡ ಮಾಡಿದ್ದಕ್ಕೆ ಕ್ಷಮೆ ಕೇಳಿದೆ. ಅವರು ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, “ಅಕೀಕಾ ಮರೆತರೇನು ಡಾಕ್ಟರ್ ಸಾಹೇಬ್, ಹುಡುಗಿ ಇದ್ದಾಳಲ್ಲ” ಎಂದರು.

ಅಲ್ಲಾಹನು ರೋಗಿಗಳೆಲ್ಲರಿಗೂ ಶಿಫಾ ಕೊಡಲಿ. ಅವರ ಪರವಾಗಿ ನಿರ್ಧರಿಸಬೇಕಾದವರಿಗೆ ವಿವೇಕವನ್ನೂ ಧೈರ್ಯವನ್ನೂ ಕೊಡಲಿ. ಆಮೀನ್.