ಥಾರ್‌ಗೆ ಎಂಥ ಶಾಕ್ ಹಾಕಿಸಲಿ?

ಕಾಚಿಗುಡದ ಓದುಗರೇ, ವಾರವಿಡೀ ಆಫೀಸು, ಭಾನುವಾರ ಅನಂತಗಿರಿ ಬೆಟ್ಟದ ಕಚ್ಚಾ ದಾರಿ. ಅದಕ್ಕೆ ಗಟ್ಟಿ ಶಾಕ್ ಅಬ್ಸಾರ್ಬರ್ ಬೇಕು ಎಂದಿದ್ದೀರಿ. ಗಾಡಿಯ ಭಾರ ಹೊರುವುದು ಸ್ಪ್ರಿಂಗು. ಅದರ ಕುಣಿತವನ್ನು ಹಿಡಿದು ನಿಲ್ಲಿಸುವುದಷ್ಟೇ ಶಾಕ್‌ನ ಕೆಲಸ. ಸಾಮಾನು ತುಂಬಿದಾಗ ಹಿಂಭಾಗ ಕುಸಿಯುತ್ತಿದ್ದರೆ ಸ್ಪ್ರಿಂಗ್ ನೋಡಿಸಿ, ಶಾಕ್‌ಗೆ ದುಡ್ಡು ಸುರಿಯಬೇಡಿ.

ನಿಮ್ಮದು 2020ರ ನಂತರದ ಥಾರ್, ಹಿಂದೆಯೂ ಕಾಯಿಲ್ ಸ್ಪ್ರಿಂಗ್. ಹಳೆಯ ಥಾರ್‌ನ ಕಮಾನು ಪಟ್ಟಿಗೆ ಹೊಂದುವ ಶಾಕ್ ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ.

ಇನ್ನು ಶಾಕ್‌ನ ಬಗೆ. ಮಾನೊಟ್ಯೂಬ್, ಅಂದರೆ ಒಂದೇ ಕೊಳವೆಯದು, ಬಿಸಿಯನ್ನು ಬೇಗ ಬಿಟ್ಟುಕೊಡುತ್ತದೆ, ಗಂಟೆಗಟ್ಟಲೆ ಕುಲುಕಿದರೂ ಸೊರಗುವುದು ಕಡಿಮೆ. ಆದರೆ ಕಲ್ಲು ಬಡಿದು ಕೊಳವೆ ನೆಗ್ಗಿದರೆ ಒಳಗಿನ ಪಿಸ್ಟನ್ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಟ್ವಿನ್‌ಟ್ಯೂಬ್, ಅಂದರೆ ಕೊಳವೆಯೊಳಗೆ ಕೊಳವೆ ಇರುವುದು, ಸಾಮಾನ್ಯವಾಗಿ ಮೆದು, ಅಗ್ಗ, ಸಣ್ಣಪುಟ್ಟ ಪೆಟ್ಟು ತಾಳುತ್ತದೆ. ನಿಮ್ಮ ಓಡಾಟಕ್ಕೆ ನನ್ನ ಓಟು ಗ್ಯಾಸ್ ತುಂಬಿದ ಟ್ವಿನ್‌ಟ್ಯೂಬ್‌ಗೆ. ತೀರಾ ಬಿಗಿಯಾದದ್ದು ಹಾಕಿಸಿದರೆ ಬೆಟ್ಟದವರೆಗೆ ಹೋಗುವುದೇ ಬೇಡ, ಗಲ್ಲಿಯ ಹಂಪುಗಳೇ ಸೊಂಟದ ಲೆಕ್ಕ ಚುಕ್ತಾ ಮಾಡುತ್ತವೆ!

ಈಗಿರುವ ಶಾಕ್‌ನ ದಂಡದ ಸುತ್ತ ಎಣ್ಣೆ ಜಿನುಗಿ ಧೂಳು ಮೆತ್ತಿದೆಯೇ? ಇದ್ದರೆ ಬದಲಿಸಿ, ಜೋಡಿಯಾಗಿಯೇ. ಇಲ್ಲವಾದರೆ ಈ ಭಾನುವಾರ ಕಚ್ಚಾ ದಾರಿ ಸೇರಿದ ಮೇಲೆ ಟೈರಿನ ಗಾಳಿ ತುಸು ಇಳಿಸಿ ಓಡಿಸಿ ನೋಡಿ. ಡಾಂಬರಿಗೆ ಮರಳುವ ಮುನ್ನ ಮತ್ತೆ ತುಂಬಿಸಲು ಪಂಪು ಜೊತೆಗಿರಲಿ.